ಸುವರ್ಣಮ್ಮನವರ ಮೂರು ಗುಡ್ಡೆ

ನನ್ನ ಹೆಸರು ಸೂರ್ಯಪ್ರಕಾಶ್. ತಿಪಟೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಇಪ್ಪತ್ತೆರಡು ವರ್ಷದಿಂದ ಈ ಸೀಮೆಯವರ ಮುಖಗಳನ್ನು ತೆಗೆದೂ ತೆಗೆದೂ, ಫೋಟೋ ವಿಚಾರದಲ್ಲಿ ನನಗೆ ಸ್ವಲ್ಪ ತಲೆ ತಿರುಗಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತು ಸುಳ್ಳಲ್ಲ. ಆ ತಲೆಯನ್ನು ಎರಡೇ ನಿಮಿಷದಲ್ಲಿ ನೆಟ್ಟಗೆ ಕೂರಿಸಿದ ಹೆಂಗಸಿನ ವಿಷಯ ಹೇಳುತ್ತೇನೆ. ಹೇಳುವಾಗ ನಾಚಿಕೆ ಆಗಬೇಕಿತ್ತು; ಆಗುತ್ತಿರುವುದು ಹೆಮ್ಮೆ.

ಮೊದಲು ನಮ್ಮ ಗುಂಪಿನ ವಿಷಯ. ಮೂರು ವರ್ಷದ ಹಿಂದೆ 'ವಾರಕ್ಕೊಂದು ಪಟ' ಎಂಬ ವಾಟ್ಸಾಪ್ ಗುಂಪು ಕಟ್ಟಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನವರು ಸೇರಿ ಮೂವತ್ತೊಂದು ಜನ ಇದ್ದೇವೆ. ಭಾನುವಾರ ಬೆಳಿಗ್ಗೆ ನಾನೊಂದು ವಿಷಯ ಕೊಡುತ್ತೇನೆ: ನೆರಳು, ಬಾಗಿಲು, ಕಾಯುವುದು, ಹೀಗೆ. ಶುಕ್ರವಾರದೊಳಗೆ ಅದಕ್ಕೊಪ್ಪುವ ಒಂದು ಫೋಟೋ ತೆಗೆದು ಹಾಕಬೇಕು. ಶನಿವಾರ ಸಂಜೆ ಆರು ಗಂಟೆಯೊಳಗೆ ಪ್ರತಿಯೊಬ್ಬರೂ ಬೇರೆ ಮೂವರ ಫೋಟೋ ಬಗ್ಗೆ, ಬರೆದೋ ದನಿ ರೆಕಾರ್ಡ್ ಮಾಡಿಯೋ, ಮಾತಾಡಬೇಕು. ಒಂದು ಸರಿಯಿರುವುದು, ಒಂದು ಸರಿಯಿಲ್ಲದ್ದು, ಎರಡೂ ಹೇಳಬೇಕು. 'ಸೂಪರ್' ಅನ್ನುವ ಹಾಗಿಲ್ಲ, ಹೆಬ್ಬೆರಳು ಒತ್ತಿ ಸುಮ್ಮನಾಗುವ ಹಾಗೂ ಇಲ್ಲ. ಹೊಸಬರಿಗೆ ಮೊದಲ ತಿಂಗಳು ಮಾಫಿ. ಆಮೇಲೆ ಸತತವಾಗಿ ಮೂರು ಶನಿವಾರ ಬಾಯಿ ಬಿಡದಿದ್ದರೆ ಗುಂಪಿನಿಂದ ತೆಗೆದುಹಾಕುತ್ತೇನೆ. ಈ ನಿಯಮಕ್ಕೆ ಸಿಕ್ಕಿಬಿದ್ದ ನನ್ನ ಸ್ವಂತ ಭಾವಮೈದನನ್ನೇ ತೆಗೆದಿದ್ದೇನೆ. ಅವನು ಈಗಲೂ ಹಬ್ಬಕ್ಕೆ ಮನೆಗೆ ಬಂದರೆ ನನ್ನ ಬಿಟ್ಟು ಉಳಿದವರ ಯೋಗಕ್ಷೇಮ ವಿಚಾರಿಸುತ್ತಾನೆ.

ಸುವರ್ಣಮ್ಮನವರು ಮೊದಲು ಬಂದಿದ್ದು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಸಿಕೊಳ್ಳಲು. ವಯಸ್ಸು ಐವತ್ತನಾಲ್ಕು. ಊರು ನೊಣವಿನಕೆರೆಯ ಪಕ್ಕ. ಇಪ್ಪತ್ತೇಳು ವರ್ಷದಿಂದ ದಿನಾ ಬೆಳಿಗ್ಗೆ ಬಸ್ಸಿಗೆ ಬಂದು, ಪರಮಶಿವಯ್ಯನವರ ಕೊಬ್ಬರಿ ಮಂಡಿಯಲ್ಲಿ ಕೊಬ್ಬರಿ ಆಯುವ ಕೆಲಸ ಮಾಡುತ್ತಾರೆ. ನಾಲ್ಕು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತೋರಿಸಿ, ಎರಡನೆಯದು ಚೆನ್ನಾಗಿದೆ, ಇದನ್ನೇ ಹಾಕುತ್ತೇನೆ ಎಂದೆ. ಅವರು ತಲೆಯಾಡಿಸಿ ನಾಲ್ಕನೆಯದನ್ನು ತೋರಿಸಿದರು. ಎರಡನೆಯದರಲ್ಲಿ ನಾನು ಕ್ಯಾಮೆರಾ ನೋಡುತ್ತಿದ್ದೇನೆ, ನಾಲ್ಕನೆಯದರಲ್ಲಿ ನಿಮ್ಮನ್ನು ನೋಡುತ್ತಿದ್ದೇನೆ ಎಂದರು. ಮತ್ತೆ ನೋಡಿದೆ. ಹೌದು, ನಾಲ್ಕನೆಯದರಲ್ಲಿ ಕಣ್ಣಿಗೆ ಜೀವ ಇತ್ತು.

ಇವರು ಸಾಮಾನ್ಯದವರಲ್ಲ ಎಂದುಕೊಂಡು ಮಾತಿಗೆಳೆದೆ. ಮಗಳು ಯೋಗಿತಾ ಹೊಸ ಫೋನ್ ಕೊಂಡಾಗ ಹಳೆಯದನ್ನು ಅಮ್ಮನಿಗೆ ಕೊಟ್ಟಿದ್ದಳಂತೆ. ಅದರಲ್ಲಿ ತೆಗೆದ ಒಂದೆರಡು ಪಟ ಇವೆ, ನೋಡುತ್ತೀರಾ ಎಂದು ಸಂಕೋಚದಿಂದ ಕೇಳಿದರು. ಒಂದೆರಡಲ್ಲ, ನಾನೂರು ಚಿಲ್ಲರೆ ಇದ್ದವು. ಒಂದರಲ್ಲಿ, ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಸಾವಿರ ತೆಂಗಿನಕಾಯಿ ಹರಡಿದೆ. ಹೆಂಚಿನ ಸಂದಿಯಿಂದ ಬಿದ್ದ ಒಂದು ಬಿಸಿಲಿನ ಕೋಲು ಒಂದೇ ಒಂದು ಕಾಯಿಯ ಮೇಲೆ ಕೂತಿದೆ. ಅದನ್ನು ನೋಡಿದ ಮೇಲೆ ನಾನು ಹೆಚ್ಚು ಯೋಚಿಸಲಿಲ್ಲ. ಅಲ್ಲೇ ಅವರ ನಂಬರು ಗುಂಪಿಗೆ ಸೇರಿಸಿ, ನಿಯಮಗಳನ್ನು ಬಾಯಿಪಾಠ ಒಪ್ಪಿಸಿ ಕಳಿಸಿದೆ.

ಅಲ್ಲಿಂದ ಅವರು ಒಂದು ವಾರವೂ ತಪ್ಪಿಸಲಿಲ್ಲ. 'ಕಾಯುವುದು' ಎಂದು ವಿಷಯ ಕೊಟ್ಟ ವಾರ ಉಳಿದವರೆಲ್ಲ ಆಸ್ಪತ್ರೆ ಬೆಂಚು, ರೈಲ್ವೆ ಗೇಟು, ಕಿಟಕಿಯಲ್ಲಿ ಕೂತ ಅಜ್ಜಿ ಇಂಥವನ್ನು ಹಾಕಿದರು. ಇವರದರಲ್ಲಿ ಜನವೇ ಇರಲಿಲ್ಲ. ನೊಣವಿನಕೆರೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಬರೀ ಚೀಲಗಳ ಸಾಲು: ಊಟದ ಡಬ್ಬಿಯ ಚೀಲ, ಸೊಪ್ಪಿನ ಚೀಲ, ಟೈಲರ್ ಅಂಗಡಿಯ ಚೀಲ. ಹೆಂಗಸರು ತಮ್ಮ ಸರದಿಗೆ ಚೀಲ ಇಟ್ಟು ಮರದ ನೆರಳಿಗೆ ಹೋಗಿದ್ದಾರೆ. ಆ ಪಟದ ಬಗ್ಗೆ ಗುಂಪಿನಲ್ಲಿ ಹತ್ತೊಂಬತ್ತು ಜನ ಮಾತಾಡಿದರು. ಮೂರು ವರ್ಷದಲ್ಲಿ ಯಾರ ಫೋಟೋಗೂ ಅಷ್ಟು ಜನ ಮಾತಾಡಿದ್ದಿಲ್ಲ, ನನ್ನದಕ್ಕೂ ಸೇರಿ.

ಆದರೆ ಸುವರ್ಣಮ್ಮನವರು ಮಾತ್ರ ಯಾರ ಫೋಟೋ ಬಗ್ಗೆಯೂ ತುಟಿ ಬಿಚ್ಚಲಿಲ್ಲ. ಮಾಫಿಯ ತಿಂಗಳು ಕಳೆಯಿತು. ಒಂದು ಶನಿವಾರ ಹೋಯಿತು. ನೆನಪಿಸಿದೆ, ಕೈ ಮುಗಿದ ಚಿತ್ರ ಬಂತು. ಎರಡನೇ ಶನಿವಾರವೂ ಹೋಯಿತು. ಭಾನುವಾರ ಅರುಣ್ ಕುಮಾರ್ ಫೋನ್ ಮಾಡಿದ. ಅವನು ತುರುವೇಕೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾನೆ, ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡ ಕ್ಯಾಮೆರಾ ಅವನದೇ. ಹೊಗಳಿಸಿಕೊಳ್ಳುವುದಕ್ಕೆ ಬರುತ್ತದೆ, ನಾಲ್ಕು ಮಾತು ಹೇಳುವುದಕ್ಕೆ ಬರುವುದಿಲ್ಲವೇ, ಆಯಮ್ಮನಿಗೆ ಜಂಬ, ನಿಯಮ ಎಲ್ಲರಿಗೂ ಒಂದೇ ತಾನೇ ಎಂದು ಕೇಳಿದ. ಭಾವಮೈದನ ಹೆಸರನ್ನೂ ಎತ್ತಿದ. ನನಗೂ ರೇಗಿತು. ಸಿಟ್ಟು ಇಳಿಯುವ ಮೊದಲೇ ಸುವರ್ಣಮ್ಮನವರಿಗೆ ಫೋನ್ ಮಾಡಿ, ಬರುವ ಶನಿವಾರ ಆರು ಗಂಟೆಯೊಳಗೆ ಮೂರು ಫೋಟೋ ಬಗ್ಗೆ ಹೇಳದಿದ್ದರೆ ಗುಂಪಿನಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ ಎಂದುಬಿಟ್ಟೆ. ಬರೆಯಲು ಕಷ್ಟವಾದರೆ ಮಾತಾಡಿ ಕಳಿಸಿ ಎಂದೂ ಸೇರಿಸಿದೆ.

ಸುವರ್ಣಮ್ಮನವರು ಹೇಳಿದರು: "ಬ್ಯಾರೇರ ಮಾಲಿನ ಮ್ಯಾಲೆ ನಾನು ಬಾಯಿ ಹಾಕಲ್ಲ ಸಾರ್. ತೆಗೀಬೇಕು ಅಂದ್ರೆ ತೆಗೆದ್ಬುಡಿ. ಆದ್ರೆ ಒಂದ್ ಮಾತು. ನಾನು ಹುಟ್ಟಿದ್ಮ್ಯಾಕೆ ನನ್ನ ಕೆಲ್ಸ ನೋಡಿ, ನನ್ನ ಹೆಸ್ರು ಹಿಡ್ದು, ಇದು ಚೆನ್ನಾಗೈತೆ ಅಂತ ಹೇಳಿದ್ದು ನಿಮ್ಮ ಗುಂಪ್ನೋರೇ ಮೊದ್ಲು. ಬಸ್ಸಾಗೆ ದಿನಾ ಅದ್ನೇ ಹಾಕ್ಕಂಡು ಕೇಳ್ತೀನಿ."

ಫೋನ್ ಇಟ್ಟ ಮೇಲೆ ನನಗೆ ಟೀ ರುಚಿಸಲಿಲ್ಲ. ಜಂಬ ಇರುವವರು ಹೀಗೆ ಮಾತಾಡುವುದಿಲ್ಲ. ಮತ್ತೆ ಬಾಯಿ ಬಿಡಲು ಏನು ಅಡ್ಡಿ? ತಲೆ ಬುಡ ಅರ್ಥವಾಗದೆ ಗುರುವಾರ ಮಧ್ಯಾಹ್ನ ಸ್ಟುಡಿಯೋ ಬಾಗಿಲು ಎಳೆದುಕೊಂಡು ಮಂಡಿಗೆ ಹೋದೆ.

ಈ ಊರಿನಲ್ಲೇ ಹುಟ್ಟಿ ಬೆಳೆದರೂ ಕೊಬ್ಬರಿ ಆಯುವುದನ್ನು ನಾನು ನಿಂತು ನೋಡಿದ್ದಿಲ್ಲ. ಸುವರ್ಣಮ್ಮನವರು ಗೋಣಿ ಹಾಸಿನ ಮೇಲೆ ಕಾಲು ಚಾಚಿ ಕೂತಿದ್ದರು. ಮುಂದೆ ಉಂಡೆ ಕೊಬ್ಬರಿಯ ರಾಶಿ. ಎರಡು ಕೈಯಲ್ಲಿ ಎರಡು ಕೊಬ್ಬರಿ ತೆಗೆದುಕೊಂಡು ಒಂದಕ್ಕೊಂದು ತಟ್ಟುತ್ತಾರೆ. ಒಣಗಿದ್ದೋ ಒಳಗೆ ಇನ್ನೂ ಹಸಿ ಇದೆಯೋ ಆ ಸದ್ದಿನಲ್ಲೇ ತಿಳಿಯುತ್ತದೆ. ಹೆಬ್ಬೆರಳು ಒಂದು ಸುತ್ತು ಸಿಪ್ಪೆಯ ಮೇಲೆ ಆಡುತ್ತದೆ. ಅನುಮಾನ ಬಂದರೆ ಮೂಗಿನ ಹತ್ತಿರ ಹೋಗುತ್ತದೆ. ಅಷ್ಟರಲ್ಲಿ ಎರಡೂ ಕೊಬ್ಬರಿ ಕೈ ಬಿಟ್ಟು ಹೋಗಿರುತ್ತವೆ: ಒಳ್ಳೆಯದು ಬಲಕ್ಕೆ, ಸುಮಾರಿನದು ಎಡಕ್ಕೆ, ಕೆಟ್ಟಿದ್ದು ಹಿಂದಕ್ಕೆ. ಎಲ್ಲಿ ಬಿತ್ತು ಎಂದು ತಿರುಗಿ ನೋಡುವುದೂ ಇಲ್ಲ. ಮಾಲು ತಂದ ರೈತ ಕಂಬಕ್ಕೆ ಒರಗಿ ನಿಂತು ಒಂದೊಂದನ್ನೂ ಕಣ್ಣಲ್ಲೇ ಹಿಂಬಾಲಿಸುತ್ತಿದ್ದ. ಅವನೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ಒಂದು ಗಂಟೆಯಲ್ಲಿ ಮೂರು ಚೀಲ ಮುಗಿಯಿತು. ಒಂದು ಅಕ್ಷರ ಮಾತಿಲ್ಲ.

ಮಂಡಿಯ ಯಜಮಾನರು ಪರಮಶಿವಯ್ಯನವರು ಎಪ್ಪತ್ತು ದಾಟಿದವರು. ಒಳಗೆ ಕೂರಿಸಿ ಮಜ್ಜಿಗೆ ಕೊಡಿಸಿದರು. ಇಲ್ಲಿ ಆಯುವವರು ಮಾತಾಡುವ ಪದ್ಧತಿ ಇಲ್ಲ, ಕೈ ಹೇಳಿದ್ದನ್ನು ರೈತನಿಗೆ ತಿಳಿಸುವುದು ಯಜಮಾನನ ಕೆಲಸ ಎಂದರು. ಸುವರ್ಣಮ್ಮನಿಗೆ ಅದು ಬರೀ ಪದ್ಧತಿ ಅಲ್ಲ ಎಂದೂ ಹೇಳಿದರು. ಕೆಲಸಕ್ಕೆ ಸೇರಿದ ಎರಡನೇ ವರ್ಷ ತುರುವೇಕೆರೆ ಕಡೆಯ ರೈತನೊಬ್ಬ ಹದಿನಾಲ್ಕು ಚೀಲ ತಂದಿದ್ದನಂತೆ. ಒಂದು ಕೊಬ್ಬರಿ ಮೂಸಿ ನೋಡಿದ ಸುವರ್ಣಮ್ಮ, ಎಣ್ಣೆ ಕೆಟ್ಟು ಕೌಟು ವಾಸನೆ ಹೊಡೆಯುತ್ತಿದೆ ಎಂದು ಪಕ್ಕದವಳಿಗೆ ಅಂದರು. ಕೆಟ್ಟಿದ್ದದ್ದು ಅದೊಂದೇ. ಮಾತು ಅಂಗಳದಲ್ಲಿದ್ದ ನಾಲ್ಕು ಜನರ ಕಿವಿಗೆ ಬಿತ್ತು. ಅರ್ಧ ಗಂಟೆಯೊಳಗೆ ಹದಿನಾಲ್ಕು ಚೀಲವೂ ಕೌಟು ಎಂದು ಊರೆಲ್ಲ ಸುದ್ದಿ. ಕೊಳ್ಳುವವರು ಯಾರೂ ಹತ್ತಿರ ಬರಲಿಲ್ಲ. ಆ ರೈತ ಯಾರನ್ನೂ ಬೈಯಲಿಲ್ಲ. ಚೀಲಗಳ ಬಾಯಿ ಹೊಲಿದು, ತಂದ ಗಾಡಿಗೇ ಹೇರಿಕೊಂಡು ಹೋದ. ಮತ್ತೆ ಈ ಮಂಡಿಯ ಮೆಟ್ಟಿಲು ಹತ್ತಲಿಲ್ಲ.

"ಅವತ್ತು ಮುಚ್ಚಿದ ಬಾಯಿ ಕಣ್ರೀ," ಎಂದರು ಪರಮಶಿವಯ್ಯ. "ಇಪ್ಪತ್ತೈದು ವರ್ಷ ಆಯ್ತು."

ನಿಯಮ ಸಡಿಲಿಸಬಹುದಿತ್ತು. ಗುಂಪು ನನ್ನದು, ನಿಯಮ ನನ್ನದು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದೆ. ಆದರೆ ಸಡಿಲಿಸಿದರೆ ಅವರನ್ನು ಪಾಪ ಎಂದು ಒಳಗಿಟ್ಟುಕೊಂಡ ಹಾಗಾಗುತ್ತದೆ. ಅಂಥ ಕಣ್ಣು ಮೂವತ್ತೊಂದು ಜನರಲ್ಲಿ ಇನ್ನೊಬ್ಬರಿಗಿಲ್ಲ. ಅವರನ್ನು ದಯೆಯ ಮೇಲೆ ಇಟ್ಟುಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ಅವರು ಮಾತಾಡಿಯೇ ಉಳಿಯಬೇಕು ಎಂದು ಹಟ ಬಂತು.

ಆ ವಾರದ ವಿಷಯ 'ಕೆಲಸದ ಕೈ'. ಶುಕ್ರವಾರ ಸಂಜೆಗೆ ಇಪ್ಪತ್ತೇಳು ಫೋಟೋ ಬಂದಿದ್ದವು. ಸುವರ್ಣಮ್ಮನವರದ್ದನ್ನು ಬಿಟ್ಟು ಉಳಿದ ಇಪ್ಪತ್ತಾರನ್ನೂ ಅಂಗೈಯಗಲದ ಕಾಗದದ ಮೇಲೆ ಪ್ರಿಂಟ್ ಹಾಕಿದೆ. ಹೆಸರು ಯಾವುದಕ್ಕೂ ಬರೆಯಲಿಲ್ಲ. ಆಮೇಲೆ ಒಂದು ಕಳ್ಳಬುದ್ಧಿ ಬಂತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ಸ್ಟುಡಿಯೋ ಬಾಗಿಲಲ್ಲೇ ಆರು ತಿಂಗಳಿಂದ ಒಂದು ದೊಡ್ಡ ಫೋಟೋ ಚೌಕಟ್ಟು ಹಾಕಿಸಿ ತೂಗುಹಾಕಿದ್ದೆ. ಅಂಕಮ್ಮ ಎಂಬ ಮುದುಕಿ, ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಯ ಮೇಲೆ ಕಾಯಿ ಸುಲಿಯುತ್ತಿದ್ದಾರೆ, ಪಕ್ಕದಲ್ಲಿ ಕೊಬ್ಬರಿಯ ಗುಡ್ಡೆ, ಮುಖದ ಸುಕ್ಕಿನ ಮೇಲೆ ಸಂಜೆ ಬಿಸಿಲು. ನನ್ನ ಜೀವಮಾನದ ಫೋಟೋ ಅದೇ ಎಂದು ಬಂದವರಿಗೆಲ್ಲ ಹೇಳಿಕೊಂಡಿದ್ದೆ. ಅದರದ್ದೂ ಒಂದು ಚಿಕ್ಕ ಪ್ರಿಂಟ್ ಹಾಕಿ ಕಟ್ಟಿನ ಮಧ್ಯೆ ಸೇರಿಸಿದೆ. ಅದು ಯಾವ ಗುಡ್ಡೆಗೆ ಬೀಳುತ್ತದೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಅವರು ಕೈ ತೊಳೆದುಕೊಳ್ಳುವ ಹೊತ್ತಿಗೆ ಹೋದೆ. ಕಟ್ಟನ್ನು ಗೋಣಿಯ ಮೇಲಿಟ್ಟು, ಏನೂ ಮಾತಾಡಬೇಡಿ, ಆಯ್ದು ಗುಡ್ಡೆ ಹಾಕಿ ಅಷ್ಟೇ ಎಂದೆ. ಅವರು ನನ್ನ ಮುಖ ನೋಡಿದರು, ಕಟ್ಟನ್ನು ನೋಡಿದರು, ಸೆರಗಿಗೆ ಇನ್ನೊಮ್ಮೆ ಕೈ ಒರೆಸಿಕೊಂಡರು. ಮೊದಲ ಫೋಟೋ ಸ್ವಲ್ಪ ಹೊತ್ತು ಕೈಯಲ್ಲೇ ಇತ್ತು. ಅದು ಎಡಕ್ಕೆ ಹೋಯಿತು. ಎರಡನೆಯದು ಬೇಗ ಹೋಯಿತು. ಆಮೇಲೆ ಕೈಗೆ ಅದರದೇ ಓಟ ಸಿಕ್ಕಿತು. ಬಲಕ್ಕೆ, ಎಡಕ್ಕೆ, ಎಡಕ್ಕೆ, ಹಿಂದಕ್ಕೆ. ಅಂಕಮ್ಮನ ಫೋಟೋ ಬಂದಾಗ ನಾನು ಮುಂದಕ್ಕೆ ಬಾಗಿದೆ. ಹೆಬ್ಬೆರಳು ಒಂದು ಸಲ ಅದರ ಮೇಲೆ ಆಡಿತು. ಫೋಟೋ ಹಿಂದಕ್ಕೆ ಹೋಗಿ ಬಿತ್ತು.

ಎರಡು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಬಲಕ್ಕೆ ಐದು, ಎಡಕ್ಕೆ ಹದಿಮೂರು, ಹಿಂದಕ್ಕೆ ಒಂಬತ್ತು. ನನಗೆ ಮೈಯೆಲ್ಲ ಉರಿಯಿತು. ಆ ಒಂಬತ್ತರಿಂದ ನನ್ನದನ್ನು ಎತ್ತಿ ಮುಂದೆ ಹಿಡಿದು, ಇದು ನನ್ನದು, ಇದಕ್ಕೇನಾಗಿದೆ ಹೇಳಿ ಎಂದೆ. ನನ್ನದು ಎಂದು ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಗೊತ್ತು ಎಂದರು. ಸ್ಟುಡಿಯೋಗೆ ಬಂದ ಮೊದಲ ದಿನವೇ ನೋಡಿದ್ದರಂತೆ. ಅಷ್ಟು ಹೇಳಿ ಗುಡ್ಡೆಗಳ ಅಂಚು ಸರಿಮಾಡತೊಡಗಿದರು.

ನಾನು ಬಿಡಲಿಲ್ಲ. ಹೇಳಲೇಬೇಕು ಎಂದು ಪಟ್ಟು ಹಿಡಿದೆ. ಕೊನೆಗೆ ಫೋಟೋ ಕೈಗೆ ತೆಗೆದುಕೊಂಡು, ಬೆರಳಿಟ್ಟು ತೋರಿಸಿದರು.

"ಆಯಮ್ಮನ ಮುಖ ಚೆನ್ನಾಗೈತೆ ಸಾರ್. ಬಿಸ್ಲೂ ಚೆನ್ನಾಗಿ ಬಿದ್ದೈತೆ. ಆದ್ರೆ ಕೈನಾಗಿರೋದು ಹಸಿಕಾಯಿ. ನಾರು ನೋಡಿ, ಹೊಂಬಣ್ಣಕ್ಕೈತೆ. ಅಟ್ಟದ ಮ್ಯಾಲೆ ವರ್ಷ ಇದ್ದ ಕಾಯಿ ಬೂದಿ ಬಣ್ಣಕ್ಕೆ ಬತ್ತದೆ. ನೀರು ತುಂಬಿರೋ ಕಾಯಿ ಸುಲಿದು ಪಕ್ಕದಾಗೆ ಕೊಬ್ಬರಿ ಗುಡ್ಡೆ ಹಾಕಿದ್ರೆ ಅದು ಯಾವ ಕೆಲ್ಸ? ಕೆಲ್ಸ ಸುಳ್ಳು ಸಾರ್."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ದಿನ ಅಂಕಮ್ಮನ ಮನೆಗೆ ನಾನು ಹೋಗುವಷ್ಟರಲ್ಲಿ ಕಾಯಿ ಸುಲಿಯುವ ಕೆಲಸ ಮುಗಿದುಹೋಗಿತ್ತು. ರಸ್ತೆ ಬದಿಯ ಅಂಗಡಿಯಿಂದ ಸಿಪ್ಪೆ ಸಮೇತ ಒಂದು ಕಾಯಿ ತಂದು ಕೈಗೆ ಕೊಟ್ಟಿದ್ದೆ. ಇದು ಹಸೀದು ಕಣಪ್ಪ ಎಂದು ಆ ಮುದುಕಿ ಹೇಳಿದ್ದರು. ಇರಲಿ ಅಜ್ಜಿ, ಪಟದಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದಿದ್ದೆ. ತಿಪಟೂರಿನಲ್ಲಿ ಹುಟ್ಟಿದವನು, ತೆಂಗಿನ ಮರದ ಕೆಳಗೆ ಬೆಳೆದವನು, ಹಸಿಕಾಯಿ ಸುಲಿಸಿ ಕೊಬ್ಬರಿಯ ಫೋಟೋ ಎಂದು ಬಾಗಿಲಿಗೆ ತೂಗುಹಾಕಿಕೊಂಡಿದ್ದೇನೆ! ಆರು ತಿಂಗಳಲ್ಲಿ ನನ್ನ ಬಾಗಿಲು ದಾಟಿದ ರೈತರೆಷ್ಟು ಜನ! ಅದರ ಮುಂದೆ ನಿಂತು ನೋಡಿದವರೆಷ್ಟು ಜನ! ಎಲ್ಲರಿಗೂ ಗೊತ್ತಾಗಿದೆ. ಒಬ್ಬರೂ ಬಾಯಿ ಬಿಟ್ಟಿಲ್ಲ.

ಅದನ್ನೇ ಸುವರ್ಣಮ್ಮನವರಿಗೆ ಹೇಳಿದೆ. ಸ್ಟುಡಿಯೋಗೆ ಬಂದ ದಿನವೇ ಹೇಳಿದ್ದರೆ ಎರಡು ತಿಂಗಳು ಮೊದಲೇ ಇಳಿಸುತ್ತಿದ್ದೆ, ನೀವೆಲ್ಲ ಮರ್ಯಾದೆಗೆ ಸುಮ್ಮನಿದ್ದು ನನ್ನನ್ನು ದಿನಾ ಆ ಹಿಂದಿನ ಗುಡ್ಡೆಯಲ್ಲೇ ಕೂರಿಸಿದ್ದೀರಿ ಎಂದೆ. ಸಿಟ್ಟಿನಿಂದಲೇ ಹೇಳಿದೆ, ಸಿಟ್ಟು ನನ್ನ ಮೇಲೇ ಇತ್ತು. ಇನ್ನೊಂದನ್ನೂ ಹೇಳಿದೆ. ಈಗ ನೀವು ಹೇಳಿದ್ದರಲ್ಲಿ ಸರಿಯಿರುವುದೂ ಇತ್ತು, ಸರಿಯಿಲ್ಲದ್ದೂ ಇತ್ತು. ನಾನು ಮೂರು ವರ್ಷದಿಂದ ಗುಂಪಿನವರಿಗೆ ಕಲಿಸುತ್ತಿರುವುದು ಅದನ್ನೇ. ಅವರು ಫೋಟೋವನ್ನು ನನ್ನ ಕೈಗೆ ಕೊಟ್ಟರು.

"ಹೇಳಿದ್ಕೆ ನಿಮ್ಗೆ ನೋವಾಯ್ತು ಅಲ್ವಾ ಸಾರ್?"

ಆಯಿತು ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

"ಆದ್ರೂ ಎದ್ದು ಹೋಗ್ಲಿಲ್ವಲ್ಲ ನೀವು," ಎಂದರು. ಆಮೇಲೆ ಮಂಡಿಯ ಕೆಲಸ ಶುರುವಾಯಿತು.

ಸ್ಟುಡಿಯೋಗೆ ಬಂದವನೇ ಕುರ್ಚಿ ಹತ್ತಿ ಚೌಕಟ್ಟು ಇಳಿಸಿದೆ. ಇಷ್ಟಕ್ಕೇ ಬಿಟ್ಟರೆ ಸಾಲದು ಅನ್ನಿಸಿತು. ಇಪ್ಪತ್ತೈದು ವರ್ಷ ಮುಚ್ಚಿದ ಬಾಯಿ ಬೇರೆಯವರ ಮಾಲಿನ ಮೇಲೆ ತೆರೆಯಬೇಕಾದರೆ ಮೊದಲು ಯಾರಾದರೂ ತಮ್ಮ ಮಾಲನ್ನು ಮುಂದಿಡಬೇಕು. ಐದು ಗಂಟೆಗೆ ಅಂಕಮ್ಮನ ಫೋಟೋವನ್ನು ಗುಂಪಿಗೆ ಹಾಕಿ, ಕೆಳಗೆ ನನ್ನ ಹೆಸರು ಬರೆದೆ. ಇದು ಆರು ತಿಂಗಳ ಹಿಂದಿನದು, ಈ ವಾರದ ಲೆಕ್ಕಕ್ಕಲ್ಲ, ಸುವರ್ಣಮ್ಮನವರು ಇದರ ಬಗ್ಗೆ ಹೇಳಬೇಕು ಎಂದು ಬರೆದೆ. ಹತ್ತು ನಿಮಿಷದಲ್ಲಿ ಏಳು ಜನ 'ಸೂಪರ್ ಸರ್' ಎಂದರು. ನಿಯಮ ಮುರಿದು ಹೆಬ್ಬೆರಳು ಒತ್ತಿದವರನ್ನು ಎಣಿಸಲೂ ಇಲ್ಲ. ಅರುಣ್ ಕುಮಾರ್ 'ಮಾಸ್ಟರ್‌ಪೀಸ್' ಎಂದು ಬರೆದಿದ್ದ.

ಐದೂವರೆ ಆಯಿತು. ಐದೂ ಮುಕ್ಕಾಲಾಯಿತು. ಅವರ ಬಸ್ಸು ಹೊರಟಿರುತ್ತದೆ ಎಂದು ಲೆಕ್ಕ ಹಾಕಿದೆ. ಗಿರಾಕಿಯೊಬ್ಬರು ಬಂದರೆ ಸೋಮವಾರ ಬನ್ನಿ ಎಂದು ಕಳಿಸಿದೆ. ನಾನೇ ಮಾಡಿದ ನಿಯಮ, ನಾನೇ ಗುಂಡಿ ಒತ್ತಿ ಅವರನ್ನು ಹೊರಗೆ ಹಾಕಬೇಕು. ಅದಕ್ಕೆ ಕೈ ಬರುತ್ತದೋ ಇಲ್ಲವೋ ಎಂದು ನನಗೇ ಖಾತ್ರಿಯಿರಲಿಲ್ಲ.

ಆರಕ್ಕೆ ಎಂಟು ನಿಮಿಷ ಇರುವಾಗ ಧ್ವನಿ ಬಂತು. ಹಿಂದೆ ಬಸ್ಸಿನ ಗಡಗಡ, ಕಂಡಕ್ಟರ್ ಸೀಟಿ. ಮಧ್ಯೆ ಸುವರ್ಣಮ್ಮನವರು, ಆತುರವಿಲ್ಲದೆ. ಮೊದಲನೆಯದು ನನ್ನ ಫೋಟೋಗೆ. ಮಂಡಿಯಲ್ಲಿ ಹೇಳಿದ್ದನ್ನೇ ಹೇಳಿದರು, ಒಂದು ಅಕ್ಷರ ಮೆತ್ತಗೆ ಮಾಡಲಿಲ್ಲ. ಮುಖ ಸರಿ, ಬಿಸಿಲು ಸರಿ, ಕಾಯಿ ಹಸಿ, ಕೆಲಸ ಸುಳ್ಳು. ಎರಡನೆಯದು ಚಿಕ್ಕನಾಯಕನಹಳ್ಳಿಯ ಕಾಲೇಜು ಹುಡುಗಿ ಇಂಪನಾಳ ಫೋಟೋಗೆ, ಅವಳು ಕುರಿಯ ಉಣ್ಣೆ ಕತ್ತರಿಸುವ ಕೈ ತೆಗೆದಿದ್ದಳು. ಬೆರಳಿಗೆ ಉಣ್ಣೆ ಅಂಟಿರುವುದು ಕಾಣುತ್ತದೆ, ಅದು ಬಹಳ ಚೆಂದ, ಆದರೆ ಅರ್ಧ ಪಟ ಆಕಾಶವೇ ಇದೆ, ಆಕಾಶಕ್ಕೆ ಇಲ್ಲಿ ಏನೂ ಕೆಲಸವಿಲ್ಲವಲ್ಲ ಮಗಳೇ ಎಂದರು.

ಮೂರನೆಯದು ಅರುಣ್ ಕುಮಾರನ ಫೋಟೋಗೆ. ಕುಂಬಾರರ ಕೈ. ಆ ಕೈ, ಮಣ್ಣು, ತಿಗರಿ ಎಲ್ಲ ಫಳಫಳ ಹೊಳೆಯುತ್ತಿತ್ತು. ಕಂಪ್ಯೂಟರಿನಲ್ಲಿ ಕೂತು ಬಣ್ಣ ಏರಿಸಿದ್ದ.

"ಕೈ ಸರಿಯಾದ್ ಹೊತ್ನಾಗೆ ಹಿಡ್ದಿದೀರಿ, ಮಣ್ಣು ಆಗಿನ್ನೂ ಏಳ್ತೈತೆ. ಅದು ದೊಡ್ದು. ಆದ್ರೆ ಹೊಳಪು ಬರ್ಲಿ ಅಂತ ಕೊಬ್ಬರಿಗೆ ಗಂಧಕದ ಹೊಗೆ ಕೊಡ್ತಾರೆ ನೋಡಿ ಸಾರ್, ಹಂಗಾಗೈತೆ. ಕಣ್ಣಿಗೆ ಚೆಂದ. ಮೂಗಿನ ಹತ್ರ ತಂದ್ರೆ ಗೊತ್ತಾಯ್ತದೆ."

ಆರು ಹೊಡೆಯಿತು. ಮೊದಲು ಬರೆದವನು ದಂಡಿನಶಿವರದ ಗಂಗರಾಜು, ಅವನು ತೆಂಗಿನ ಬೆಳೆಗಾರ. 'ಸರ್, ಹಸಿಕಾಯಿ ಅಂತ ನನಗೂ ಗೊತ್ತಾಗಿತ್ತು, ಹೇಳೋಕೆ ಬಾಯಿ ಬರಲಿಲ್ಲ, ಕ್ಷಮಿಸಿ' ಎಂದಿದ್ದ. ಅವನ ಹಿಂದೆ ಇನ್ನೂ ನಾಲ್ವರು ಅದನ್ನೇ ಬರೆದರು. ಸೂಪರ್ ಎಂದಿದ್ದ ಏಳರಲ್ಲಿ ಮೂವರು ಸದ್ದಿಲ್ಲದೆ ಅದನ್ನು ಅಳಿಸಿದರು. ಇಂಪನಾ ಆಕಾಶ ಕತ್ತರಿಸಿದ ಫೋಟೋ 'ಈಗ ಹೇಗಿದೆ ಅಮ್ಮ' ಎಂದು ಮತ್ತೆ ಹಾಕಿದಳು. ಅರುಣ್ ಕುಮಾರ್ ಮಾತ್ರ ಸುಮ್ಮನಿದ್ದ. ಗುಂಪು ಬಿಟ್ಟು ಹೋಗುತ್ತಾನೆ ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಏಳು ಗಂಟೆ ಹೊತ್ತಿಗೆ ಅವನಿಂದ ಒಂದು ಫೋಟೋ ಬಂತು. ಅದೇ ಕುಂಬಾರರ ಕೈ, ಕ್ಯಾಮೆರಾದಿಂದ ಬಂದ ಹಾಗೆಯೇ, ಬಣ್ಣ ಏರಿಸದ್ದು. ಕೆಳಗೆ ಏನೂ ಬರೆದಿರಲಿಲ್ಲ.

ಅದಕ್ಕೆ ಸುವರ್ಣಮ್ಮನವರ ದನಿ ಬಂತು; ಅವರು ಮನೆ ತಲುಪಿರಬೇಕು, ಈ ಸಲ ಬಸ್ಸಿನ ಸದ್ದಿರಲಿಲ್ಲ. ಹಿಂದೆ ಕುಕ್ಕರ್ ಕೂಗುತ್ತಿತ್ತು. ಇದು ಬಲಗಡೆ ಗುಡ್ಡೆಗೆ ಸಾರ್ ಎಂದಷ್ಟೇ ಹೇಳಿದ್ದರು. ಗುಡ್ಡೆ ಎಂದರೇನು ಎಂದು ಉಳಿದವರು ಕೇಳತೊಡಗಿದರು. ನಾನು ವಿವರಿಸಿ ಬರೆದೆ. ಇಷ್ಟು ದಿನ ಈ ಗುಂಪು ಕಟ್ಟಿದವನು ನಾನು ಎಂದು ಬೀಗುತ್ತಿದ್ದೆ. ಈಗ ಇಂಥವರು ನನ್ನ ಗುಂಪಿನಲ್ಲಿದ್ದಾರೆ ಎಂದು ಬೀಗಿದೆ. ಎರಡನೆಯದು ಹೆಚ್ಚು ಸುಖ ಕೊಡುತ್ತದೆ.

ಮಂಗಳವಾರ ಮತ್ತೆ ಮಂಡಿಗೆ ಹೋದೆ. ಮುಂದಿನ ಭಾನುವಾರದ ವಿಷಯ ಅವರೇ ಕೊಡಲಿ ಎಂದು ಗುಂಪಿನವರೆಲ್ಲ ಕೇಳಿದ್ದರು. ನಾನು ಹೋದಾಗ ಅವರು ಕೆಲಸದಲ್ಲಿದ್ದರು, ಒಂದು ಪಕ್ಕಕ್ಕೆ ನಿಂತೆ. ಮಾಲು ತಂದಿದ್ದವನು ಮೂವತ್ತರ ಆಸುಪಾಸಿನ ರೈತ. ತಂದೆಯ ಬದಲಿಗೆ ಈ ವರ್ಷವೇ ಮೊದಲ ಸಲ ತಾನು ಬಂದಿದ್ದನಂತೆ. ಗೋಣಿಯ ಆಚೆ ತುದಿಯಲ್ಲಿ, ಸುವರ್ಣಮ್ಮನವರಿಗೆ ಎದುರಾಗಿ ಕುಕ್ಕರಗಾಲಲ್ಲಿ ಕೂತಿದ್ದ. ಒಂದೊಂದು ಕೊಬ್ಬರಿ ಹಿಂದಕ್ಕೆ ಹೋದಾಗಲೂ ಅವನ ಮುಖ ಇಷ್ಟಿಷ್ಟೇ ಇಳಿಯುತ್ತಿತ್ತು. ಆರೇಳು ಹೀಗೆ ಹೋದ ಮೇಲೆ ಸುವರ್ಣಮ್ಮನವರ ಕೈ ನಿಂತಿತು.

ಮಂಡಿಯಲ್ಲಿ ಆ ಕೈ ನಿಂತದ್ದನ್ನು ಎಲ್ಲರೂ ಗಮನಿಸಿದರು. ಅವರು ಗದ್ದಿಗೆಯ ಮೇಲಿದ್ದ ಪರಮಶಿವಯ್ಯನವರ ಕಡೆ ಒಮ್ಮೆ ನೋಡಿದರು. ಆಮೇಲೆ ಹಿಂದಿನ ಗುಡ್ಡೆಯಿಂದ ಎರಡು ಕೊಬ್ಬರಿ ಎತ್ತಿಕೊಂಡು, ಅವನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದರು.

"ಕಾಯಿದೇನೂ ತಪ್ಪಿಲ್ಲ ಕಣಪ್ಪ. ಮಿಕ್ಕಿದ್ದೆಲ್ಲ ಗಟ್ಟಿ ಮಾಲು. ಇವು ಮಾತ್ರ ನೀರು ಬಿದ್ದು ಬೂಸ್ಟು ಹಿಡ್ದವೆ. ನಿಮ್ಮ ಅಟ್ಟ ಒಂದ್ ಮೂಲೆನಾಗೆ ಸೋರ್ತೈತೆ. ಹೆಂಚು ಬದ್ಲಾಯ್ಸು, ಬರೋ ವರ್ಷ ಇವೂ ಬಲಗಡೆಗೆ ಬತ್ತವೆ."

ಅವನು ಕಣ್ಣರಳಿಸಿದ. ಬಚ್ಚಲ ಕಡೆಯ ಮೂಲೆ ಸೋರುವುದು ನಿಜ, ಅದರಿಂದ ಹೀಗಾಗುತ್ತದೆಂದು ಅಪ್ಪನಿಗೂ ಹೊಳೆದಿರಲಿಲ್ಲ ಎಂದ. ಸುತ್ತ ಇದ್ದ ಹೆಂಗಸರ ಕೈಗಳೂ ನಿಂತಿದ್ದವು. ಎಲ್ಲರೂ ಯಜಮಾನರ ಮುಖ ನೋಡುತ್ತಿದ್ದರು. ಪರಮಶಿವಯ್ಯನವರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು, ಮತ್ತೆ ಹಾಕಿಕೊಂಡರು.

"ಇನ್ನೇನೇನ್ ಕಾಣ್ತೈತೆ ಹೇಳಮ್ಮ ಸುವರ್ಣಮ್ಮ," ಎಂದರು. "ಅವ್ನು ಕೇಳಿಸ್ಕಳ್ಳಿ."

ರೈತ ಎದ್ದು ಗೋಣಿಯನ್ನು ಬಳಸಿಕೊಂಡು ಬಂದು, ಅವರ ಪಕ್ಕದಲ್ಲಿ ಕೂತ.